ಅಂಗಳಕ್ಕೆ ನೀರಿಲ್ಲದ ಗುರುವಾರ

ಬೇವಿನ ಮರದಡಿಯ ನಮ್ಮ ಮುನೇಶ್ವರಸ್ವಾಮಿಗೆ ನಡೆದುಕೊಳ್ಳುವ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ದೊಮ್ಮಲೂರಿನ ಜಯಮ್ಮ ಕೈಮುಗಿದು ತಿಳಿಸುವುದೇನೆಂದರೆ, ಹೋದ ಬೇಸಿಗೆಯಲ್ಲಿ ನಮ್ಮ ಕಾರಿನ ಬ್ರೇಕು ಹಿಡಿಯದೆ ಹೋಯಿತು. ಅಲ್ಲಿಂದ ಶುರುವಾದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಒಬ್ಬಳೇ ಮಗಳು ರೂಪಾಳನ್ನು ಕೆ.ಆರ್. ಪುರಕ್ಕೆ ಕೊಟ್ಟಿದ್ದೇವೆ. ಅವಳ ಬಸಿರು ಎರಡು ಸಲ ನಿಲ್ಲದೆ ಹೋಗಿತ್ತು. ಮೂರನೆಯದು ಸ್ವಾಮಿಯ ದಯದಿಂದ ಏಳನೇ ತಿಂಗಳಿಗೆ ಬಂದಿತ್ತು. ಸೀಮಂತ ಮುಗಿಸಿ, ಮುಂದಿನ ಗುರುವಾರ ತವರಿಗೆ ಕರೆದುಕೊಂಡು ಬರುತ್ತೇವೆಂದು ಬೀಗರಿಗೆ ಹೇಳಿ, ನಾನೂ ನಮ್ಮ ಯಜಮಾನರೂ ನಮ್ಮ ಹಳೇ ಕಾರಿನಲ್ಲಿ ಮನೆಗೆ ಹೊರಟಿದ್ದೆವು. ಟಿನ್ ಫ್ಯಾಕ್ಟರಿ ಹತ್ತಿರ, ಗಾಡಿಗಳೆಲ್ಲ ಒಂದರ ಬಾಲ ಒಂದು ಹಿಡಿದು ನಿಲ್ಲುತ್ತವಲ್ಲ, ಆ ಜಾಗದಲ್ಲಿ ಇವರು ಬ್ರೇಕು ಒತ್ತಿದರೆ ಪೆಡಲು ಕೆಸರಿಗೆ ಕಾಲಿಟ್ಟ ಹಾಗೆ ಒಳಗೆ ಹೋಯಿತು. ಕಾರು ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕು ಎಳೆದರು. ಮುಂದಿದ್ದ ಆಟೋದ ಬೆನ್ನಿಗೆ ಮುತ್ತು ಕೊಟ್ಟ ಹಾಗೆ ತಾಗಿ ನಿಂತೆವು.

ಆಟೋದವನು ತಲೆ ಹೊರಗೆ ಹಾಕಿದ. "ಏನ್ ಯಜಮಾನ್ರೇ, ಮನೇಲಿ ಹೇಳ್ಬಿಟ್ಟು ಬಂದಿದೀರಾ?" ಅಂದ. ಆಮೇಲೆ ನನ್ನನ್ನು ನೋಡಿ, "ಓ, ಮನೆಯವ್ರನ್ನೂ ಜೊತೇಲೇ ಕರ್ಕೊಂಡು ಹೊರಟಿದೀರಾ! ಸರಿ ಬಿಡಿ" ಅಂದು ಹೋಗಿಬಿಟ್ಟ.

ಇವರು ನಕ್ಕರು. ನನಗೆ ನಗು ಬರಲಿಲ್ಲ. ಆವತ್ತಿನಿಂದ ನನ್ನ ಎದೆಯಲ್ಲಿ ಏನೋ ಒಂದು ಕೂತುಬಿಟ್ಟಿತು. ಒಲೆ ಮುಂದೆ ನಿಂತರೆ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಾಗುತ್ತಿರಲಿಲ್ಲ. ಹೂ ಕಟ್ಟಲು ಕೂತರೆ ಎದ್ದು ಗೇಟಿನ ತನಕ ಹೋಗಿ ಬರುತ್ತಿದ್ದೆ. ಯಾಕೆ ಹೋದೆ ಎಂದು ನನಗೇ ಗೊತ್ತಿಲ್ಲ.

ನಮ್ಮ ಯಜಮಾನರು ವಿಮಾನಪುರದ ಕಡೆ ಕೆಲಸ ಮಾಡಿ ನಿವೃತ್ತರಾದವರು. ಆ ಕಾರೆಂದರೆ ಅವರಿಗೆ ಪ್ರಾಣ. ರೂಪಾ ಮದುವೆಯಾಗಿ ಹೊರಟಾಗ ಸೇವಂತಿಗೆ ಹಾರ ಹಾಕಿ ಅದರಲ್ಲೇ ಕಳಿಸಿದ್ದು. ಮಾರನೆಯ ದಿನವೇ ಅದನ್ನು ಮೆಲ್ಲಗೆ ಓಡಿಸಿಕೊಂಡು ಶಿವಾಜಿನಗರಕ್ಕೆ, ನಮ್ಮ ಮೆಕ್ಯಾನಿಕ್ ಶಫಿ ಭಾಯ್ ಹತ್ತಿರ ಹೋದರು. ನಾನೂ ಜೊತೆಗೆ ಹೋದೆ. ರಸೆಲ್ ಮಾರ್ಕೆಟ್ಟಿನಲ್ಲಿ ಹೂವು ತರಬೇಕು ಎಂದು ನೆಪ ಹೇಳಿದೆ.

ಶಫಿ ಭಾಯ್ ಬಾನೆಟ್ಟು ಎತ್ತಿ ನೋಡಿದರು. "ಸಾಬ್, ಬ್ರೇಕ್ ಆಯಿಲ್ ತಳ ಕಂಡಿದೆಯಲ್ಲ? ಇದು ಕುಡಿಯೋ ಐಟಮ್ ಅಲ್ಲ, ಗಾಡಿ ಕುಡಿದ್ಬಿಡ್ತು ಅನ್ನೋಕೆ. ಎಲ್ಲೋ ಲೀಕ್ ಇರ್ಬೇಕು."

ನಾಲ್ಕು ಚಕ್ರವನ್ನೂ ಬಿಚ್ಚಿ ನೋಡಿದರು. ಎಲ್ಲ ಒಣಗಿತ್ತು. ಹಳೇ ಪ್ಯಾಡು ತೆಗೆದು ಹೊಸದು ಹಾಕಿ, ಆಯಿಲ್ ತುಂಬಿಸಿದರು. ಆಮೇಲೆ ಕೇಳಿದರು: "ಮನೇಲಿ ಗಾಡಿ ನಿಲ್ಸೋ ಜಾಗದಲ್ಲಿ ತೊಟ್ಟು ಬಿದ್ದಿರುತ್ತಾ? ಕರೆ ಏನಾದ್ರೂ?"

ಇವರು ಎದೆ ಉಬ್ಬಿಸಿ ಹೇಳಿದರು: "ನಮ್ಮನೆ ಅಂಗಳಾನಾ? ಬಂದು ನೋಡಪ್ಪ ಒಂದ್ಸಲ. ಕನ್ನಡಿ ಇದ್ದಂಗೆ ಇರ್ತದೆ. ಎಲೆ ಹಾಕ್ದೇನೇ ಊಟ ಮಾಡ್ಬೋದು. ಇವಳು ಒಂದು ತೊಟ್ಟು ಬಿಡೋ ಹೆಂಗಸಲ್ಲ."

ಜನರ ಮುಂದೆ ಇವರು ನನ್ನನ್ನು ಹೊಗಳಿದ್ದು ಅಪರೂಪ. ನಾನೂ ಸುಮ್ಮನೆ ತಲೆಯಾಡಿಸಿದೆ. ಅಂಗಳದಲ್ಲಿ ಕರೆ ಇಲ್ಲದ್ದು ನಿಜವೇ ಆಗಿತ್ತಲ್ಲ. "ಹಂಗಾದ್ರೆ ಹಳೇ ಪ್ಯಾಡ್ ಸವೆದು ಆಯಿಲ್ ಇಳಿದಿರ್ಬೇಕು. ಆದ್ರೂ ವಾರ ಬಿಟ್ಟು ತೋರಿಸಿ" ಎಂದರು ಶಫಿ ಭಾಯ್. ಬರುವಾಗ ಬ್ರೇಕು ಚೆನ್ನಾಗಿಯೇ ಹಿಡಿಯಿತು. ಇವರು ಹಲಸೂರಿನ ತನಕ ಬೇಕೆಂದೇ ಒತ್ತಿ ಒತ್ತಿ ತೋರಿಸಿದರು.

ಆದರೂ ನನ್ನ ಎದೆಯೊಳಗಿನದು ಕದಲಲಿಲ್ಲ.

ರೂಪಾಳ ಡಾಕ್ಟರಮ್ಮ, ಕೂಸು ಕೆಳಗೆ ಇಳಿದಿದೆ, ಕುಲುಕಾಟ ಕೂಡದು, ಆಟೋದಲ್ಲಿ ಕೂರಿಸಬೇಡಿ ಎಂದಿದ್ದರು. ಅಳಿಯಂದಿರ ಬಳಿ ಇರುವುದು ಸ್ಕೂಟರು. ಒಂದು ಸಂಜೆ ಇವರಿಗೆ ಕಾಫಿ ಕೊಡುತ್ತಾ ಮೆಲ್ಲಗೆ ಮಾತು ತೆಗೆದೆ.

"ರೀ, ಗುರುವಾರ ಕ್ಯಾಬ್ ಮಾಡ್ಕೊಂಡು ಹೋಗೋಣ."

"ಯಾಕೆ?"

"ಯಾಕೋ ಮನಸ್ಸಿಗೆ ಸರಿ ಬರ್ತಿಲ್ಲ."

"ನಿನ್ ಮನಸ್ಸಿಗೆ ಯಾವತ್ ಸರಿ ಬಂದಿತ್ತು? ಮಗಳನ್ನ ತವರಿಗೆ ಕರ್ಕೊಂಡ್ಬರೋಕೆ ಬಾಡಿಗೆ ಗಾಡೀನಾ? ಬೀಗರು ಏನಂದ್ಕೋತಾರೆ? ಮನೆ ಬಾಗ್ಲಲ್ಲಿ ಕಾರ್ ಇಟ್ಕೊಂಡು ಯಾರೋ ಗುರುತಿಲ್ಲದೋನ ಕೈಲಿ ಬಸುರಿ ಮಗಳನ್ನ ಕೊಡ್ಬೇಕಾ? ಶಫಿ ನೋಡಿ ಸರಿ ಇದೆ ಅಂದಿಲ್ವಾ?"

"ವಾರ ಬಿಟ್ಟು ತೋರ್ಸಿ ಅಂದ್ರಲ್ಲ."

"ತೋರ್ಸೋಣ. ಮಗಳನ್ನ ಕರ್ಕೊಂಡ್ ಬಂದ್ಮೇಲೆ."

ನನ್ನ ಹತ್ತಿರ ಇದ್ದದ್ದು ಬರೀ ಚಡಪಡಿಕೆ. ಅದನ್ನು ಯಾರಿಗೆ ತೋರಿಸುವುದು? ಎದ್ದು ಬೀದಿ ಕೊನೆಗೆ, ಸ್ವಾಮಿಯ ಹತ್ತಿರ ಹೋದೆ.

ನಮ್ಮ ಸ್ವಾಮಿಗೆ ಗೋಪುರವಿಲ್ಲ, ಬಾಗಿಲಿಲ್ಲ. ನಿಮಗೆಲ್ಲ ಗೊತ್ತು. ಬೇವಿನ ಬುಡದಲ್ಲಿ ಅರಿಸಿನ ಮೆತ್ತಿದ ಕಲ್ಲು, ಪಕ್ಕದಲ್ಲಿ ತ್ರಿಶೂಲ. ಈ ಕಡೆಯೆಲ್ಲ ರಾಗಿ ಹೊಲವಿದ್ದ ಕಾಲದಿಂದ ಊರ ಗಡಿ ಕಾಯ್ದವನು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಈಗ ಊರಿಗೆ ಗಡಿಯೇ ಇಲ್ಲ. ಆದರೂ ಹೊಸ ಗಾಡಿ ತಂದವರು ಮೊದಲು ಅವನ ಮುಂದೆ ನಿಲ್ಲಿಸಿ ಚಕ್ರಕ್ಕೆ ನಿಂಬೆಹಣ್ಣು ಇಡಿಸುತ್ತಾರೆ. ನಮ್ಮ ಕಾರಿಗೂ ಪ್ರತಿ ಅಮಾವಾಸ್ಯೆಗೆ ನಿಂಬೆಹಣ್ಣು ತಪ್ಪಿಲ್ಲ.

ಪೂಜಾರಿ ಮುನಿಯಪ್ಪನವರಿಗೆ ಹೂವಿನ ಅಪ್ಪಣೆ ಕೇಳಿಕೊಡಿ ಎಂದೆ. ಕಲ್ಲಿನ ಎರಡೂ ಕಡೆ ನೀರಲ್ಲಿ ಅದ್ದಿದ ಹೂವು ಅಂಟಿಸಿದರು. ಬಲಗಡೆಯದು ಬಿದ್ದರೆ ಕಾರು ಹೊರಡಲಿ, ಎಡಗಡೆಯದು ಬಿದ್ದರೆ ಇವರ ಕಾಲು ಹಿಡಿದಾದರೂ ನಿಲ್ಲಿಸುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಕೂತೆ. ಮುನಿಯಪ್ಪ ಗಂಟೆ ಆಡಿಸಿದರು, ಸ್ವಾಮಿಯನ್ನು ಹೊಗಳಿದರು, ಆಮೇಲೆ ಬೈದರು. ಯಾವ ಹೂವೂ ಅಲ್ಲಾಡಲಿಲ್ಲ. ನನಗೆ ಮೊಣಕಾಲು ಮರಗಟ್ಟಿತು.

"ಇವತ್ತು ಬಾಯಿ ಬಿಡಾಕಿಲ್ಲ ಕಣವ್ವ. ಯೋಚ್ನೆ ಮಾಡ್ತಾವ್ನೆ" ಎಂದರು ಮುನಿಯಪ್ಪ.

"ಯೋಚ್ನೆ ಮಾಡೋಕೆ ಟೈಮಿಲ್ಲ ಮುನಿಯಪ್ಪ. ನಾಡಿದ್ದೇ ಗುರುವಾರ."

"ಅವನ ಮುಂದೆ ಕ್ಯಾಲೆಂಡರ್ ನೇತಾಕಿಲ್ವಲ್ಲವ್ವ, ನಾನೇನ್ ಮಾಡ್ಲಿ?"

ಅಳು ಬಂತು. ಇಷ್ಟು ವರ್ಷ ಅರಿಸಿನ ಕುಂಕುಮ ಹಿಡಿದು ಬಂದವಳಿಗೆ ಒಂದು ಎಸಳು ಉದುರಿಸಲು ನಿನಗೆ ಆಗಲಿಲ್ಲವೇ ಎಂದು ಕಲ್ಲಿನ ಮುಂದೆಯೇ ಕೇಳಿದೆ. "ಮಾತಾಡದಿದ್ದರೆ ಬಿಡು. ಆದರೆ ನನ್ನ ಮಗಳೂ ಅವಳ ಹೊಟ್ಟೆಯಲ್ಲಿರುವುದೂ ಕ್ಷೇಮವಾಗಿ ನನ್ನ ಹೊಸ್ತಿಲು ದಾಟಿ ಒಳಗೆ ಬರಬೇಕು. ಹೇಗೆ ಮಾಡ್ತೀಯೋ ನಿನಗೆ ಬಿಟ್ಟಿದ್ದು. ಬಂದರೆ ಬೆಲ್ಲದನ್ನ ಮಾಡಿ ತರ್ತೀನಿ" ಎಂದು ಹರಸಿಕೊಂಡು ಬಂದೆ.

ಗುರುವಾರ ಬಂತು. ಮಧ್ಯಾಹ್ನ ರಾಹುಕಾಲ ಬರುವುದರೊಳಗೆ ಮಗಳನ್ನು ಒಳಗೆ ಕರೆದುಕೊಳ್ಳಬೇಕು. ಬೆಳಕು ಹರಿಯುವಾಗ ಎದ್ದೆ. ದಿನವೂ ನಡೆಯುವುದು ಹೀಗೆ: ಇವರು ಎದ್ದು ಕಾರನ್ನು ಗೇಟಿನ ಹೊರಗೆ ಇಳಿಸುತ್ತಾರೆ, ನಾನು ಬಕೆಟ್ಟುಗಟ್ಟಲೆ ನೀರು ಹಾಕಿ ಅಂಗಳವನ್ನು ಪೊರಕೆಯಿಂದ ಉಜ್ಜಿ ತೊಳೆದು ಹೊಸ್ತಿಲಿಗೆ ರಂಗೋಲಿ ಹಾಕುತ್ತೇನೆ. ಅಂಗಳದ ಸಿಮೆಂಟಿನ ಮೇಲೆ ಪೇಂಟಿನಲ್ಲಿ ಬರೆದ ದೊಡ್ಡ ಕಮಲವೊಂದಿದೆ. ರೂಪಾಳ ಮದುವೆಗೆಂದು ಬರೆದದ್ದು. ರಾತ್ರಿ ಕಾರು ನಿಲ್ಲುವುದು ಅದರ ಮೇಲೆಯೇ.

ಅವತ್ತು ನಲ್ಲಿ ತಿರುಗಿಸಿದರೆ ಬರೀ ಗಾಳಿ. ಬರಬೇಕಿದ್ದ ನೀರು ಬಂದಿರಲಿಲ್ಲ, ಸಂಪು ತಳ ಕಂಡಿತ್ತು. ಟ್ಯಾಂಕರಿನವನಿಗೆ ಫೋನು ಮಾಡಿದರೆ, "ಸಂಜೆಗೆ ನೋಡೋಣ ಅಮ್ಮಾ" ಅಂದ. ಪಕ್ಕದ ಮನೆ ಸೆಲ್ವಿ ಕಾಂಪೌಂಡಿನ ಮೇಲಿಂದ ಒಂದು ಬಿಂದಿಗೆ ದಾಟಿಸಿದಳು.

"ಅಕ್ಕಾ, ಇದು ಅಡುಗೆಗೆ ಇಟ್ಕೋ. ತೊಳೆಯೋ ಕೆಲಸಕ್ಕೆ ಸುರಿದೆ ಅಂದ್ರೆ ನಾನು ಸುಮ್ನೆ ಇರಲ್ಲ. ನಮ್ಮನೇಲೂ ಇಲ್ಲ."

ಮಗಳು ತುಂಬಿದ ಹೊಟ್ಟೆಯಲ್ಲಿ ತವರಿಗೆ ಬರುವ ದಿನ ಅಂಗಳಕ್ಕೆ ಒಂದು ಚೆಂಬು ನೀರಿಲ್ಲ! ಹೂವೂ ಕೊಡಲಿಲ್ಲ, ನೀರೂ ಕೊಡಲಿಲ್ಲ, ನಿನಗೆ ನಾನೇನು ಮಾಡಿದ್ದೆ ಎಂದು ಸ್ವಾಮಿಯನ್ನು ಬಾಯಿಗೆ ಬಂದ ಹಾಗೆ ಅಂದುಕೊಳ್ಳುತ್ತಾ, ಇವರು ಕಾರು ಹೊರಗೆ ಇಳಿಸಿದ ಮೇಲೆ ಒಣ ಪೊರಕೆ ಹಿಡಿದು ಗುಡಿಸಲು ಬಂದೆ.

ಗುಡಿಸುತ್ತಾ ಹೋದಂತೆ ಪೊರಕೆ ಒಂದು ಕಡೆ ಜಾರಿತು. ಕಮಲದ ಒಂದು ಎಸಳಿನ ಮೇಲೆ, ಹಿಂದಿನ ಚಕ್ರ ನಿಲ್ಲುವ ಜಾಗದ ಹತ್ತಿರ, ಅಂಗೈಯಗಲ ಒದ್ದೆ. ಬಗ್ಗಿ ನೋಡಿದೆ. ಅಲ್ಲಿ ಪೇಂಟು ಬಿಸಿ ಎಣ್ಣೆ ಸಿಡಿದ ಚರ್ಮದ ಹಾಗೆ ಗುಳ್ಳೆ ಎದ್ದು ಸುಕ್ಕುಗಟ್ಟಿತ್ತು. ಬೆರಳಿಟ್ಟರೆ ಕೆಂಪು ಬಣ್ಣ ಬೆರಳಿಗೇ ಬಂತು. ಆ ಎಸಳು ಮಾಸುತ್ತಿದ್ದದ್ದನ್ನು ನಾನು ಮೊದಲೂ ನೋಡಿದ್ದೆ. ಟೈರು ಉಜ್ಜಿ ಹೋಗಿದೆ ಎಂದುಕೊಂಡಿದ್ದೆ. ಬೆರಳು ಬೆರಳು ತಿಕ್ಕಿದೆ. ಅಂಟಂಟು, ಆದರೆ ಅಡುಗೆ ಎಣ್ಣೆಯಂಥದ್ದಲ್ಲ. ಸೆರಗಿನ ತುದಿಗೆ ಬಿಂದಿಗೆಯಿಂದ ಒಂದು ತೊಟ್ಟು ನೀರು ಹಚ್ಚಿ ಒರೆಸಿದೆ. ಎಣ್ಣೆಯಾಗಿದ್ದರೆ ಸೀಗೆಪುಡಿ ಹಾಕದೆ ಹೋಗುತ್ತದೆಯೇ? ಇದು ನೀರು ತಾಗಿದ ಕೂಡಲೇ ಇತ್ತೋ ಇಲ್ಲವೋ ಎಂಬಂತೆ ಹೋಯಿತು.

ದಿನಾ ಬೆಳಿಗ್ಗೆ ಬಕೆಟ್ಟು ಸುರಿದು ತೊಳೆದು ಹಾಕುತ್ತಿದ್ದದ್ದು ಇದನ್ನೇ. ಶಫಿ ಭಾಯ್ ಕೇಳಿದ ತೊಟ್ಟು ಇದೇ.

"ರೀ, ಬನ್ನಿ ಇಲ್ಲಿ" ಎಂದು ಕೂಗಿದೆ. ಇವರು ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಸಿದ್ಧವಾಗಿ ಬಂದರು.

"ಎಸಿ ನೀರು ಕಣೆ ಅದು."

"ಎಸಿ ನೀರಿಗೆ ಪೇಂಟ್ ಏಳ್ತದಾ? ನೋಡಿ, ಮುಟ್ಟಿ ನೋಡಿ."

"ಬಿಸಿಲಿಗೆ ಎದ್ದಿರ್ತದೆ. ಒಳ್ಳೆ ಕೆಲಸಕ್ಕೆ ಹೊರಡೋ ಹೊತ್ತಲ್ಲಿ ಏನಿದು ನಿಂದು ಕೊಂಕು?"

"ನೀವು ಹೋಗಲ್ಲ" ಅಂದೆ. ಗೇಟಿಗೆ ಅಡ್ಡ ನಿಂತೆ. ಮದುವೆಯಾದಾಗಿನಿಂದ ಇವರ ದಾರಿಗೆ ಅಡ್ಡ ನಿಂತದ್ದು ಅದೇ ಮೊದಲು. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು. ಸೆಲ್ವಿ ಕಾಂಪೌಂಡಿನ ಮೇಲೆ ಗದ್ದ ಊರಿ, "ಅಣ್ಣಾ, ಅಕ್ಕ ಹೇಳೋದು ಒಂದು ನಿಮಿಷ ಕೇಳಿಬಿಡಿ" ಅಂದಳು.

ಇವರಿಗೆ ಸಿಟ್ಟು ಬಂತು. "ನೋಡ್ರಮ್ಮ ಇಬ್ರೂ! ಬ್ರೇಕ್ ಇದೆಯೋ ಇಲ್ವೋ ನಿಮ್ ಕಣ್ಮುಂದೇನೇ ತೋರಿಸ್ತೀನಿ. ಆಮೇಲೆ ದಾರಿ ಬಿಡ್ಬೇಕು." ನನ್ನ ಪಕ್ಕದಿಂದ ನುಸುಳಿ, ಗೇಟಿನ ಹೊರಗೆ ನಿಂತಿದ್ದ ಕಾರಿನಲ್ಲಿ ಕೂತು ಇಂಜಿನ್ ಶುರು ಮಾಡಿದರು. ಬಾಗಿಲು ತೆಗೆದೇ ಇತ್ತು, ಕಾಲು ನನಗೆ ಕಾಣುತ್ತಿತ್ತು. ಒಂದು ಸಲ ಒತ್ತಿದರು. "ಹಿಡೀತಾ?" ಮತ್ತೊಂದು ಸಲ ಒತ್ತಿದರು. "ನೋಡು, ಕಲ್ಲಿದ್ದಂಗೈತೆ." ಸಿಟ್ಟಿನಲ್ಲಿ ಮೈಯ ಭಾರವನ್ನೆಲ್ಲ ಬಿಟ್ಟು ಇನ್ನೊಂದು ಸಲ ಒತ್ತಿದರು.

ಕಾರಿನ ಕೆಳಗೆ ಪುಸ್ ಎಂದು ಸದ್ದಾಯಿತು. ಇವರ ಕಾಲು ಪೆಡಲಿನ ಸಮೇತ ನೆಲಕ್ಕೆ ಹೋಯಿತು, ಮೇಲೆ ಬರಲಿಲ್ಲ. ಹಿಂದಿನ ಚಕ್ರದ ಮುಂದೆ ತಿಳಿ ಹಳದಿ ಬಣ್ಣದ್ದು ರಸ್ತೆಗೆ ಸುರಿಯತೊಡಗಿತು.

ಸೆಲ್ವಿ "ಅಯ್ಯೋ ಮುರುಗಾ" ಎಂದಳು. ನಮ್ಮ ಯಜಮಾನರು ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟುಕೊಂಡು ಹಾಗೆಯೇ ಕೂತುಬಿಟ್ಟರು. ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. "ಜಯಾ, ತೂಗು ಸೇತುವೆ ಇಳಿಜಾರು…" ಎಂದರು. ರೂಪಾಳ ಮನೆಯಿಂದ ಬರುವ ದಾರಿಯಲ್ಲಿ ಸಿಗುವ ಸೇತುವೆ ಅದು. ಇಬ್ಬರಿಗೂ ಅದೇ ಕಾಣುತ್ತಿತ್ತು: ಹಿಂದಿನ ಸೀಟು, ಒರಗಿ ಕೂತ ರೂಪಾ, ಹೊಟ್ಟೆಯ ಮೇಲೆ ಅವಳ ಕೈ.

ಶಫಿ ಭಾಯ್ ಸುದ್ದಿ ತಿಳಿದು ಸ್ಕೂಟರಿನಲ್ಲಿ ಬಂದರು. ಕಾರಿನ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿ, ಕೈಯಲ್ಲಿ ಒಂದು ತುಂಡು ಪೈಪು ಹಿಡಿದು ಎದ್ದರು. ಹಿಂದಿನ ಚಕ್ರಕ್ಕೆ ಆಯಿಲ್ ಹೋಗುವ ಸಣ್ಣ ಕೊಳವೆ ಅದು. ಪೆಟ್ರೋಲ್ ಟ್ಯಾಂಕಿನ ಪಕ್ಕ ಕೆಸರು ಕೂರುವ ಸಂದಿಯಲ್ಲಿ ಹಾದು ಹೋಗುತ್ತದಂತೆ. ಹಿಂದಿನ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಕಾರು ಅದರಲ್ಲೇ ನಿಂತಿತ್ತು. ಆ ಕೆಸರು ಒಳಗೇ ಕೂತು ತುಕ್ಕು ಹಿಡಿಸಿತ್ತು. ಅವರು ಎರಡು ಬೆರಳಲ್ಲಿ ಒತ್ತಿದರೆ ಪೈಪು ಬಿಸ್ಕತ್ತಿನ ಹಾಗೆ ಪುಡಿಯಾಯಿತು.

"ಅಲ್ಲಾ ಬಚಾಯಾ, ದೇವ್ರೇ ಉಳಿಸ್ದ ಅಮ್ಮಾ. ಚಕ್ರ ಬಿಚ್ಚಿ ನೋಡಿದೆ, ಇಷ್ಟು ಮೇಲೆ ಕೈ ಹಾಕಿ ನೋಡ್ಲಿಲ್ಲ ನಾನು" ಎಂದು ಕೆನ್ನೆ ಬಡಿದುಕೊಂಡರು. "ಸಾಬ್ ಹೇಳಿದ್ರು, ಅಂಗಳ ಕ್ಲೀನ್ ಇದೆ ಅಂತ. ಕ್ಲೀನ್ ಜಾಸ್ತಿ ಆಗೋಯ್ತು ನಿಮ್ ಮನೇಲಿ."

ಇವರು ಅದಕ್ಕೆ ನನ್ನ ಮುಖ ನೋಡಿದರು. ಬೈಯುತ್ತಾರೆಂದುಕೊಂಡೆ. "ಕ್ಯಾಬ್ ಕರಿ" ಎಂದಷ್ಟೇ ಹೇಳಿದರು.

ಹೋಗುವಾಗ ಬೇಗ ತಲುಪಲೆಂದು ಇಂದಿರಾನಗರದಿಂದ ಮೆಟ್ರೋದಲ್ಲಿ ಹೋದೆವು, ಬರುವಾಗ ಕ್ಯಾಬು. ಹುಡುಗಿಗೆ ಗಾಬರಿಯಾಗಬಾರದೆಂದು ನಡೆದದ್ದನ್ನು ಯಾರಿಗೂ ಹೇಳಲಿಲ್ಲ. ಬೀಗಿತ್ತಿ ಮಾತ್ರ, "ಏನ್ ಜಯಮ್ಮೋರೇ, ನಿಮ್ ರಾಜಗಾಂಭೀರ್ಯದ ಕಾರ್ ಎಲ್ಲಿ?" ಎಂದು ಚುಚ್ಚಿದರು. ನಮ್ಮ ಯಜಮಾನರು ತಲೆ ತಗ್ಗಿಸಿ, "ಅದಕ್ಕೆ ಇವತ್ತು ರಜ ಕೊಟ್ಟಿದೀನಿ" ಎಂದರು. ಬೀಗರ ಮುಂದೆ ಅವರ ತಲೆ ತಗ್ಗಿದ್ದು ಅವತ್ತು ನನಗೆ ಬೇಸರ ತರಲಿಲ್ಲ.

ತೂಗು ಸೇತುವೆಯ ಇಳಿಜಾರಿನಲ್ಲಿ ಬರುತ್ತಿದ್ದೆವು. ನಾನು ಮಗಳ ಕೈ ಹಿಡಿದು ಸ್ವಾಮಿಯ ಹೆಸರು ಹೇಳಿಕೊಳ್ಳುತ್ತಿದ್ದೆ. ಮುಂದೆ ಹೋಗುತ್ತಿದ್ದ ಬಸ್ಸು, ಕೈ ತೋರಿದ ಯಾರನ್ನೋ ಹತ್ತಿಸಿಕೊಳ್ಳಲು ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಕ್ಯಾಬಿನ ಹುಡುಗ ಬ್ರೇಕು ಒತ್ತಿದ. ಕಾರು ಮುಗ್ಗರಿಸಿದಂತಾಗಿ, ಬಸ್ಸಿನ ಹಿಂದಿನ ಅಕ್ಷರಗಳು ಓದಲು ಸಿಗುವಷ್ಟು ಹತ್ತಿರ ನಿಂತಿತು. ರೂಪಾಳ ಮೈ ನನ್ನ ತೋಳಿಗೆ ಬಂದು ತಾಗಿತು.

"ಏನ್ ಅಮ್ಮಾ, ಇಷ್ಟ್ ಗಟ್ಟಿಯಾಗಿ ಹಿಡ್ಕೊಂಡಿದೀಯಾ? ಬಳೆ ಒತ್ತುತ್ತೆ, ಬಿಡು" ಎಂದಳು.

ಮುಂದೆ ಕೂತಿದ್ದ ಇವರು ಹಿಂತಿರುಗಿ ನೋಡಲಿಲ್ಲ. ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಹಿಂದಿನಿಂದ ಕಂಡಿತು.

ರಾಹುಕಾಲಕ್ಕೆ ಮುಂಚೆಯೇ ಆರತಿ ಎತ್ತಿ ಮಗಳನ್ನು ಒಳಗೆ ಕರೆದುಕೊಂಡೆ. ಕಾಲು ತೊಳೆಯಲು ಸೆಲ್ವಿ ಅದೆಲ್ಲಿಂದಲೋ ಒಂದು ಚೆಂಬು ನೀರು ತಂದಿದ್ದಳು. ರೂಪಾ ಒಳಕೋಣೆಯಲ್ಲಿ ಮಲಗಿದ ಮೇಲೆ, ಇವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬೀದಿ ಕೊನೆಗೆ ನಡೆದುಹೋದರು. ಅಲ್ಲಿ ಏನು ಹೇಳಿಕೊಂಡರೋ ನಾನು ಕೇಳಿಲ್ಲ.

ಈಗ ಎಣಿಸಿದರೆ ಒಂದೊಂದೂ ಅವನದೇ ಅನಿಸುತ್ತದೆ. ನಲ್ಲಿ ಒಣಗಿದ್ದು. ಸೆಲ್ವಿ ಒಂದೇ ಬಿಂದಿಗೆ ಕೊಟ್ಟದ್ದು, ಅದನ್ನೂ ತೊಳೆಯಬೇಡ ಎಂದದ್ದು. ಇವರಿಗೆ ಸಿಟ್ಟು ಬಂದದ್ದು ಕೂಡ. ಸಿಟ್ಟಿಲ್ಲದೆ ಮೆಲ್ಲಗೆ ಒತ್ತಿದ್ದರೆ ಆ ಪೈಪು ಮನೆ ಮುಂದೆ ಒಡೆಯುತ್ತಿರಲಿಲ್ಲ. ನಾನು ಬೇಡಿದ್ದು ಹೂವು. ಸ್ವಾಮಿ ಹೂವು ಕೊಡಲಿಲ್ಲ, ಇದ್ದ ನೀರನ್ನೂ ತೆಗೆದುಕೊಂಡ. ಆ ಬೆಳಿಗ್ಗೆ ಅವನನ್ನು ಬೈದೆನಲ್ಲ, ಬೈಯುತ್ತಿರುವಾಗಲೇ ಅವನು ನನ್ನ ಕೆಲಸ ಮಾಡಿ ಮುಗಿಸುತ್ತಿದ್ದ. ನಿಮ್ಮಲ್ಲಿ ಯಾರಿಗಾದರೂ ಬೇಡಿದ್ದು ಸಿಗದೆ, ಇದ್ದದ್ದೂ ಕೈಬಿಟ್ಟು ಹೋಗುತ್ತಿದ್ದರೆ, ಅವನಿಗೆ ಕೇಳಿಸಿಲ್ಲ ಎಂದು ಎದ್ದು ಹೋಗಬೇಡಿ. ನಿಮ್ಮ ಮನೆಯಲ್ಲಿ ಹಳೇ ಗಾಡಿಯಿದ್ದರೆ, ದೊಡ್ಡವಳಂತೆ ಒಂದು ಮಾತು ಹೇಳುತ್ತೇನೆ, ಅಂಗಳ ತೊಳೆಯುವ ಮೊದಲು ಅದು ನಿಂತಿದ್ದ ಜಾಗವನ್ನು ಬಗ್ಗಿ ನೋಡಿ.

ರೂಪಾಳಿಗೆ ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಕಾರಿಗೆ ಶಫಿ ಭಾಯ್ ಮುಂದಿನಿಂದ ಹಿಂದಿನ ತನಕ ಹೊಸ ಪೈಪು ಹಾಕಿದ್ದಾರೆ. ನನ್ನ ಎದೆಯ ಚಡಪಡಿಕೆ ಮಾತ್ರ ಪೂರ್ತಿ ಹೋಗಿಲ್ಲ. ಅದನ್ನು ಕಳೆದುಬಿಡು ಎಂದು ನಾನು ಸ್ವಾಮಿಯನ್ನು ಕೇಳಿಯೂ ಇಲ್ಲ. ಅವತ್ತು ಗೇಟಿಗೆ ಅಡ್ಡ ನಿಲ್ಲಿಸಿದ್ದು ಅದೇ ಅಲ್ಲವೇ.

ಹೋದ ವಾರ ಕೂಸನ್ನು ಮೊದಲ ಸಲ ಸ್ವಾಮಿಗೆ ತೋರಿಸಲು ಹೊರಟೆವು. ನಡೆದರೆ ನಾಲ್ಕು ಹೆಜ್ಜೆ. ಆದರೂ ತಾತನಿಗೆ ಮೊಮ್ಮಗಳನ್ನು ಕಾರಿನಲ್ಲೇ ಕರೆದುಕೊಂಡು ಹೋಗಬೇಕೆಂಬ ಆಸೆ. ಬೆಲ್ಲದನ್ನದ ಪಾತ್ರೆ ನನ್ನ ಕಾಲ ಬಳಿ, ಕೂಸು ಮಡಿಲಲ್ಲಿ. ಇವರು ಇಂಜಿನ್ ಶುರು ಮಾಡಿ, ಗೇರು ಹಾಕದೆ, ಬ್ರೇಕು ಒತ್ತಿ ನೋಡಿದರು.

"ಇನ್ನೊಂದ್ಸಲ" ಎಂದೆ.

ಮರುಮಾತಾಡದೆ ಇನ್ನೊಂದು ಸಲ ಒತ್ತಿದರು.